ಬಾವಿಯ ಗಾಳಿ, ಉಗ್ರಾಣದ ಗಾಳಿ: ಕಂದೀಲಿನಿಂದ ನ್ಯಾನೋತಂತಿಯವರೆಗೆ

ಬೇಸಿಗೆ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ತೆರೆದ ಬಾವಿಗಳ ಹೂಳು ತೆಗೆಸುವ ಕೆಲಸ ಪ್ರಾರಂಭವಾಗುತ್ತದೆ. ಅದೇ ದಿನಗಳಲ್ಲಿ ಮಾರಾಟಕ್ಕೆ ಕಾಯುತ್ತಿರುವ ತೊಗರಿ, ಕಡಲೆ ಚೀಲಗಳಿಗೆ ಹುಳು ಬೀಳುವುದರಿಂದ ಔಷಧಿ ಗುಳಿಗೆ ಇಡುವುದೂ ನಡೆಯುತ್ತದೆ. ಈ ಎರಡು ಕೆಲಸಗಳಲ್ಲಿಯೂ ರೈತನ ಜೀವಕ್ಕೆ ಅಪಾಯ ಬರುವುದು ಕಣ್ಣಿಗೆ ಕಾಣದ ಗಾಳಿಯಿಂದ.

ಕೆಲವು ವರ್ಷಗಳ ಹಿಂದೆ ಕಮಠಾಣದ ಕಡೆ ಒಂದು ಬಾವಿಯ ದಂಡೆಯಲ್ಲಿ ನಿಂತಿದ್ದೆ. ಮನೆಯ ಹಿರಿಯರು ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗಿಳಿಸಿದರು. ಅರ್ಧ ದಾರಿಯಲ್ಲಿ ದೀಪ ಸಣ್ಣದಾಗಿ ಆರಿಹೋಯಿತು. ಆ ದಿನ ಯಾರೂ ಇಳಿಯಲಿಲ್ಲ. ಕಂದೀಲನ್ನು ಮೇಲೆಳೆಯುತ್ತ ಅವರು ನನಗೆ ಕೇಳಿದರು: “ಸಾಹೇಬ್ರ, ದೀಪ ಆರ್ತು ಅಂದ್ರ ಇಳೀಬಾರ್ದು, ಇದು ನಮ್ಮ ಅಜ್ಜನ ಕಾಲದಿಂದ ಗೊತ್ತದ. ಆರ್ಲಿಲ್ಲ ಅಂದ್ರ ಇಳೀಬಹುದೇನ್ರಿ?” ನಾನು ಬೇಸಾಯಶಾಸ್ತ್ರ ಓದಿದವನು, ಅನಿಲಗಳ ಪರಿಣತನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಲೇಖನ ಅದಕ್ಕೆ ಕೊಡುವ ಉತ್ತರ.

ದೀಪ ಹೇಳುವುದೇನು, ಹೇಳದಿರುವುದೇನು?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9ರಷ್ಟಿರುತ್ತದೆ. ಅದು ಸುಮಾರು ಶೇಕಡಾ 16ಕ್ಕೆ ಇಳಿದಾಗ ಕಂದೀಲು ಆರುತ್ತದೆ. ಆ ಮಟ್ಟದಲ್ಲಿ ಮನುಷ್ಯನಿಗೆ ಏದುಸಿರು, ತಲೆಸುತ್ತು ಬರುತ್ತದೆ. ಇನ್ನೂ ಇಳಿದರೆ ಮೂರ್ಛೆ. ಅಂದರೆ ದೀಪವು ಮನುಷ್ಯನಿಗಿಂತ ಸ್ವಲ್ಪ ಮುಂಚೆಯೇ ಎಚ್ಚರಿಕೆ ಕೊಡುತ್ತದೆ. ಹಿಂದೆ ಜೋಳ ತುಂಬಿದ ಹಗೇವು ತೆರೆದಾಗಲೂ ನಮ್ಮ ಹಿರಿಯರು ಇದೇ ಪರೀಕ್ಷೆ ಮಾಡುತ್ತಿದ್ದರು. ಕಾಳು ಸತ್ತ ವಸ್ತುವಲ್ಲ. ಮುಚ್ಚಿದ ಹಗೇವಿನಲ್ಲಿ ಅದು ತಿಂಗಳುಗಟ್ಟಲೆ ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬಿಸುತ್ತದೆ. ಹುಳುಗಳು ಸಾಯುವುದು ಇದರಿಂದಲೇ. ಅವಸರದಿಂದ ಇಳಿದ ಮನುಷ್ಯ ಸಾಯುವುದೂ ಇದರಿಂದಲೇ.

ಬಾವಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಎಲ್ಲಿಂದ ಬರುತ್ತದೆಂದು ಹಲವರು ಕೇಳುತ್ತಾರೆ. ಕೊಳೆಯುವ ಎಲೆ, ಕಸ ಒಂದು ಕಾರಣ. ದೊಡ್ಡ ಕಾರಣ ಮಣ್ಣೇ. ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಹಗಲಿರುಳು ಉಸಿರಾಡುವುದರಿಂದ ಮಣ್ಣಿನ ರಂಧ್ರಗಳಲ್ಲಿರುವ ಗಾಳಿಯಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಬೀದರ್ ಸುತ್ತಿನ ಎತ್ತರದ ನೆಲದ ಜಂಬಿಟ್ಟಿಗೆ ಕಲ್ಲು ತೂತು ತೂತಾದದ್ದು. ನೀರು ಬಸಿಯುವ ದಾರಿಯಲ್ಲಿಯೇ ಗಾಳಿಯೂ ಬಸಿಯುತ್ತದೆ. ಮೋಡ ಕವಿದು ವಾಯುಭಾರ ಕುಸಿದ ದಿನ ಮಣ್ಣಿನ ಒಳಗಿನ ಗಾಳಿ ಬಾವಿಯೊಳಕ್ಕೆ ನುಗ್ಗುತ್ತದೆ. ವಾಯುಭಾರ ಏರಿದ ದಿನ ಮೇಲಿನ ಗಾಳಿ ಒಳಕ್ಕೆ ಹೋಗುತ್ತದೆ. ಬಾವಿಯೂ ಹೀಗೆ ಉಸಿರಾಡುತ್ತದೆ. “ನಿನ್ನೆ ಇಳಿದಿದ್ದೆ, ಏನೂ ಆಗಲಿಲ್ಲ” ಎಂಬ ಮಾತು ಈ ದಿನಕ್ಕೆ ಸಾಕ್ಷಿಯಾಗಲಾರದು. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗಾಳಿಯಾಡದ ಬಾವಿಯಲ್ಲಿ ಅದು ನೀರಿನಂತೆ ತಳದಲ್ಲಿ ನಿಲ್ಲುತ್ತದೆ.

ಇಲ್ಲಿಯವರೆಗೆ ಕಂದೀಲು ನಂಬಿಕೆಗೆ ಅರ್ಹ. ಮುಂದೆ ಅದು ಮೋಸ ಮಾಡುತ್ತದೆ. ಕೊಳೆತ ಹೂಳು, ಸಗಣಿ ಗುಂಡಿಗಳಿಂದ ಹೊರಡುವ ಹೈಡ್ರೊಜನ್ ಸಲ್ಫೈಡ್, ಬಾವಿಯೊಳಗೆ ಡೀಸೆಲ್ ಎಂಜಿನ್ ಇಟ್ಟು ಓಡಿಸಿದಾಗ ತುಂಬುವ ಕಾರ್ಬನ್ ಮಾನಾಕ್ಸೈಡ್, ಇವು ಮನುಷ್ಯನನ್ನು ಕೊಲ್ಲುವಷ್ಟು ಪ್ರಮಾಣದಲ್ಲಿದ್ದಾಗಲೂ ದೀಪ ಶಾಂತವಾಗಿ ಉರಿಯುತ್ತಲೇ ಇರುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಂತೂ ದೀಪ ಇಳಿಸುವುದೇ ಅಪರಾಧ. ಅಲ್ಲಿನ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್ ಇರುತ್ತದೆ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರವರೆಗೆ ಬೆರೆತಾಗ ಕಿಡಿ ತಗಲಿದರೆ ಸ್ಫೋಟವಾಗುತ್ತದೆ. ಆದ್ದರಿಂದ ಹಿರಿಯರ ಪ್ರಶ್ನೆಗೆ ಉತ್ತರ: ದೀಪ ಆರಿದರೆ ಇಳಿಯಬಾರದು, ಆರದಿದ್ದರೆ ಇಳಿಯಬಹುದು ಎಂದು ಅರ್ಥವಲ್ಲ.

ಮೂಗನ್ನು ನಂಬಬಹುದೇ? ಹೈಡ್ರೊಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆಯಿದೆ, ಅತಿ ಕಡಿಮೆ ಪ್ರಮಾಣದಲ್ಲಿಯೇ ತಿಳಿಯುತ್ತದೆ. ಆದರೆ ಪ್ರಮಾಣ ಹೆಚ್ಚಿದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಗಾಳಿ ಶುದ್ಧವಾಯಿತು ಎಂದು ತಿಳಿದು ಇಳಿದವರು ಮೇಲೆ ಬಂದಿಲ್ಲ.

ಕಾಳಿನ ಲೆಕ್ಕ

ಇಂಥ ಅನಿಲಗಳನ್ನು ವಿಜ್ಞಾನಿಗಳು ‘ಪಿಪಿಎಂ’ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂದು. ತೊಗರಿ ಬೆಳೆಯುವವರಿಗೆ ಇದು ಸುಲಭ. ನೂರು ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತವೆ. ಹಾಗಾದರೆ ಒಂದು ಕ್ವಿಂಟಲಿನಲ್ಲಿ ಹತ್ತು ಲಕ್ಷ ಕಾಳು. ಒಂದು ಕ್ವಿಂಟಲ್ ತೊಗರಿಯಲ್ಲಿ ಒಂದೇ ಒಂದು ಕಾಳು ಬೇರೆ ಬಣ್ಣದ್ದಿದ್ದರೆ ಅದು 1 ಪಿಪಿಎಂ.

ಈಗ ನೋಡಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಇಂದು 420 ಪಿಪಿಎಂಗೂ ಸ್ವಲ್ಪ ಹೆಚ್ಚು. ಕ್ವಿಂಟಲಿಗೆ ನಾನೂರಿಪ್ಪತ್ತು ಕಾಳು, ಮುಷ್ಟಿಯಷ್ಟೂ ಇಲ್ಲ. ಹೈಡ್ರೊಜನ್ ಸಲ್ಫೈಡ್ 100 ಪಿಪಿಎಂ ಆಸುಪಾಸಿನಲ್ಲಿ ಮೂಗನ್ನು ಕೆಡಿಸುತ್ತದೆ. 1000ಕ್ಕೆ ಮುಟ್ಟಿದರೆ ಒಂದೆರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಕೋಳಿ ಮನೆಯಲ್ಲಿ ಅಮೋನಿಯಾ 25 ಪಿಪಿಎಂ ಮೀರಬಾರದೆಂದು ಹೇಳುತ್ತಾರೆ. ಎಲ್ಲಕ್ಕಿಂತ ಕಠಿಣವಾದದ್ದು ಫಾಸ್ಫೀನ್. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವವನ್ನು ಹೀರಿ ಬಿಡುವ ಅನಿಲ ಇದು. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಫಾಸ್ಫೀನ್ ಹೊರಡುತ್ತದೆ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ಇದರ ಮಿತಿ 0.3 ಪಿಪಿಎಂ ಮಾತ್ರ. ಮೂರು ಕ್ವಿಂಟಲ್ ತೊಗರಿಯಲ್ಲಿ ಒಂದು ಕಾಳು! 50 ಪಿಪಿಎಂ ಇದ್ದರೆ ಕೂಡಲೇ ಪ್ರಾಣಾಪಾಯ. ಇದಕ್ಕೆ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಇರುತ್ತದೆಂದು ಹೇಳುವುದುಂಟು. ಆ ವಾಸನೆ ಬಹುಮಟ್ಟಿಗೆ ಕಲಬೆರಕೆ ಅಂಶಗಳದ್ದು, ಅದನ್ನು ನೆಚ್ಚಲು ಬಾರದು.

ಮೂರು ಕ್ವಿಂಟಲಿನಲ್ಲಿ ಒಂದು ಕಾಳನ್ನು ಹುಡುಕಬಲ್ಲ, ಅದನ್ನು ವರ್ಷಗಟ್ಟಲೆ ತಪ್ಪಿಲ್ಲದೆ ಹುಡುಕುತ್ತಿರಬಲ್ಲ, ರೈತನ ಕೈಗೆ ಎಟಕುವ ಉಪಕರಣ ಬೇಕು. ನ್ಯಾನೋತಂತಿಗಳ ಸಂಶೋಧನೆ ಈ ದಿಕ್ಕಿನಲ್ಲಿ ಸಾಗಿದೆ.

ಅರೆವಾಹಕ ಸಂವೇದಕದ ಕೆಲಸ

ತಾಮ್ರದಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಗಾಜಿನಲ್ಲಿ ಹರಿಯುವುದೇ ಇಲ್ಲ. ಇವೆರಡರ ನಡುವಿನ ವಸ್ತುಗಳಿಗೆ ಅರೆವಾಹಕಗಳೆಂದು ಹೆಸರು. ಸತುವಿನ ಆಕ್ಸೈಡ್, ತವರದ ಆಕ್ಸೈಡ್ ಈ ಜಾತಿಗೆ ಸೇರಿವೆ. ಇಂಥ ಆಕ್ಸೈಡನ್ನು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಗಾಳಿಯಲ್ಲಿರುವ ಆಮ್ಲಜನಕ ಅದರ ಮೈಮೇಲೆ ಬಂದು ಕುಳಿತು ಅಲ್ಲಿನ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ತಿನ ಹರಿವು ಕುಗ್ಗುತ್ತದೆ. ಮೀಥೇನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೊಜನ್ ಸಲ್ಫೈಡ್‌ನಂಥ ಅನಿಲ ಬಂದರೆ ಆ ಆಮ್ಲಜನಕದೊಡನೆ ಸೇರಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಹರಿವು ಹೆಚ್ಚುತ್ತದೆ. ಹರಿವು ಎಷ್ಟು ಬದಲಾಯಿತೆಂದು ಅಳೆದರೆ ಅನಿಲ ಎಷ್ಟಿದೆಯೆಂದು ತಿಳಿಯುತ್ತದೆ.

ಇದು ಹೊಸ ವಿದ್ಯೆಯಲ್ಲ. 1962ರಲ್ಲಿ ಜಪಾನಿನ ಸೆಯಾಮಾ ಮತ್ತು ಅವರ ಸಂಗಡಿಗರು ಸತುವಿನ ಆಕ್ಸೈಡಿನ ತೆಳುಪದರದಿಂದ ಇದನ್ನು ತೋರಿಸಿದರು. ಅದೇ ದೇಶದ ತಾಗುಚಿ ಎಂಬವರು ತವರದ ಆಕ್ಸೈಡಿನಿಂದ ಮಾಡಿದ ಸಂವೇದಕ 1968ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಅಡುಗೆ ಅನಿಲ ಸೋರಿದಾಗ ಕೂಗುವ ಸಣ್ಣ ಪೆಟ್ಟಿಗೆಯನ್ನು ನಮ್ಮ ಪೇಟೆಗಳಲ್ಲಿಯೂ ನೋಡಿರಬಹುದು. ಹಲವು ಪೆಟ್ಟಿಗೆಗಳ ಒಳಗೆ ಇರುವುದು ಇದೇ ವಿದ್ಯೆ.

ಅದರ ದೋಷಗಳು ಎರಡು. ಒಂದು, ಅಡುಗೆ ಅನಿಲ ಸಾವಿರಗಟ್ಟಲೆ ಪಿಪಿಎಂ ಇದ್ದಾಗ ಕೂಗುವ ಪೆಟ್ಟಿಗೆಗೆ 0.3 ಪಿಪಿಎಂ ಫಾಸ್ಫೀನ್ ಕಾಣುವುದಿಲ್ಲ. ಎರಡು, ಅದರ ಅಳತೆ ಕಾಲಕ್ರಮದಲ್ಲಿ ಜಾರುತ್ತದೆ. ತವರದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಒತ್ತಿ ಸುಟ್ಟು ಅದನ್ನು ಮಾಡಿರುತ್ತಾರೆ. ಹಗಲಿರುಳು ಕಾವಿನಲ್ಲಿರುವುದರಿಂದ ಪುಡಿಯ ಕಣಗಳು ಒಂದಕ್ಕೊಂದು ಬೆಸೆದು ದೊಡ್ಡವಾಗುತ್ತವೆ. ಬಿತ್ತನೆಯಾದ ಮೇಲೆ ಬಿರುಮಳೆ ಬಿದ್ದು ಬಿಸಿಲು ಹೊಡೆದಾಗ ಹದವಾದ ಮಣ್ಣು ಹೆಪ್ಪುಗಟ್ಟುವುದಿಲ್ಲವೇ, ಹಾಗೆ. ಮೈ ಕಡಿಮೆಯಾಗುತ್ತದೆ, ಅಳತೆ ತಪ್ಪುತ್ತದೆ.

ತಂತಿಯಾದರೆ ಏನು ಲಾಭ?

ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರ್. ಸಂವೇದಕಗಳಲ್ಲಿ ಬಳಸುವ ನ್ಯಾನೋತಂತಿಗಳ ದಪ್ಪ ಸಾಮಾನ್ಯವಾಗಿ ಇಪ್ಪತ್ತರಿಂದ ನೂರು ನ್ಯಾನೋಮೀಟರ್. ಕೂದಲನ್ನು ಸಾವಿರ ಸಲ ಸೀಳಿದಷ್ಟು ತೆಳು. ಒಂದು ಘನ ಸೆಂಟಿಮೀಟರ್ ತವರದ ಆಕ್ಸೈಡನ್ನು 50 ನ್ಯಾನೋಮೀಟರ್ ದಪ್ಪದ ತಂತಿಗಳನ್ನಾಗಿ ಮಾಡಿದರೆ ಅವುಗಳ ಮೈಯ ವಿಸ್ತೀರ್ಣ 80 ಚದರ ಮೀಟರ್ ಆಗುತ್ತದೆಂದು ಲೆಕ್ಕ ಹಾಕಬಹುದು. ಅಡಿಕೆಯಷ್ಟೂ ಇಲ್ಲದ ತುಣುಕಿನಲ್ಲಿ ಮುಕ್ಕಾಲು ಗುಂಟೆ ನೆಲ! ಅನಿಲ ಬಂದು ಕೂಡುವುದು ಮೈಮೇಲೆಯೇ ಆದ್ದರಿಂದ ಇದು ದೊಡ್ಡ ಲಾಭ.

ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ದೊಡ್ಡ ಕಾಲುವೆಯ ಎರಡೂ ದಡದಲ್ಲಿ ಒಂದು ಗೇಣು ಕಳೆ ಬೆಳೆದರೆ ನೀರಿನ ಹರಿವಿಗೆ ಅಡ್ಡಿಯಾಗುವುದಿಲ್ಲ. ಅದೇ ಒಂದು ಗೇಣು ಕಳೆ ಎರಡು ಗೇಣು ಅಗಲದ ಬದುಗಾಲುವೆಯಲ್ಲಿ ಬೆಳೆದರೆ ನೀರು ನಿಂತೇ ಹೋಗುತ್ತದೆ. ಆಮ್ಲಜನಕವು ಆಕ್ಸೈಡಿನ ಮೈಯಿಂದ ಕೆಲವು ನ್ಯಾನೋಮೀಟರ್ ಆಳದವರೆಗೆ ಮಾತ್ರ ಎಲೆಕ್ಟ್ರಾನುಗಳನ್ನು ಖಾಲಿ ಮಾಡಬಲ್ಲದು. ದಪ್ಪ ತುಣುಕಿನಲ್ಲಿ ಇದು ಲೆಕ್ಕಕ್ಕಿಲ್ಲ. ತೆಳುವಾದ ತಂತಿಯಲ್ಲಿ ಇದು ಇಡೀ ದಾರಿಯನ್ನೇ ಮುಚ್ಚುತ್ತದೆ, ತೆರೆಯುತ್ತದೆ. ಕೆಲವೇ ಅಣುಗಳು ಬಂದರೂ ಗೊತ್ತಾಗುವುದು ಇದರಿಂದ.

ಸ್ಥಿರತೆಯ ಗುಟ್ಟು ತಂತಿಯ ರಚನೆಯಲ್ಲಿದೆ. ಒಳ್ಳೆಯ ನ್ಯಾನೋತಂತಿ ಉದ್ದಕ್ಕೂ ಒಂದೇ ಹರಳು, ಗಂಟಿಲ್ಲದ ಕಡ್ಡಿಯಂತೆ. ಬೆಸೆದುಕೊಳ್ಳಲು ಒಳಗೆ ಬೇರೆ ಬೇರೆ ಕಣಗಳೇ ಇಲ್ಲದ್ದರಿಂದ ಕಾವಿನಲ್ಲಿಯೂ ಅದು ಬಹುಕಾಲ ಹಾಗೆಯೇ ಉಳಿಯುತ್ತದೆ.

ಇಂಥ ತಂತಿಯನ್ನು ಎಳೆದು ತಯಾರಿಸುವುದಿಲ್ಲ, ಬೆಳೆಸುತ್ತಾರೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವ್ಯಾಗ್ನರ್ ಮತ್ತು ಎಲ್ಲಿಸ್ 1964ರಲ್ಲಿ ಸಿಲಿಕಾನಿಗೆ ತೋರಿಸಿದ ವಿಧಾನ ಈಗಲೂ ನಡೆಯುತ್ತಿದೆ. ಕಾದ ತಟ್ಟೆಯ ಮೇಲೆ ಚಿನ್ನದ ಅತಿ ಸಣ್ಣ ಹನಿಗಳಿರುತ್ತವೆ. ಮೇಲೆ ಹಾಯಿಸಿದ ಆವಿ ಹನಿಯಲ್ಲಿ ಕರಗಿ, ತುಂಬಿ, ಹನಿಯ ಕೆಳಗಿನಿಂದ ಹರಳಾಗಿ ಹೊರಬರುತ್ತದೆ. ಹನಿಯನ್ನು ತಲೆಯ ಮೇಲೆ ಹೊತ್ತು ತಂತಿ ಮೇಲೇಳುತ್ತದೆ. ಹೆಸರು ಮೊಳೆತಾಗ ತನ್ನ ಬೇಳೆಗಳನ್ನು ಹೊತ್ತು ಮೇಲೇಳುವುದನ್ನು ನೋಡಿದ್ದೀರಿ. (ತೊಗರಿಯ ಹೋಲಿಕೆ ಇಲ್ಲಿ ನಡೆಯದು, ಅದು ಬೇಳೆಯನ್ನು ಮಣ್ಣಿನಲ್ಲಿಯೇ ಬಿಟ್ಟು ಬರುತ್ತದೆ.)

ನಮ್ಮ ನಾಡಿನಲ್ಲಿ ನಡೆದ ಕೆಲಸ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಈ ವಿಷಯದಲ್ಲಿ ಮೊದಮೊದಲಿಗೆ ಕೆಲಸ ಮಾಡಿದವರ ಪೈಕಿ ಸೇರುತ್ತಾರೆ. 2006ರಲ್ಲಿ ಅವರು ಸತುವಿನ ಆಕ್ಸೈಡಿನ ನ್ಯಾನೋ ಕಡ್ಡಿ, ತಂತಿ, ನಳಿಕೆಗಳಿಂದ ಜಲಜನಕ ಹಾಗೂ ಮದ್ಯಸಾರದ ಆವಿಯನ್ನು ಅಳೆದ ಫಲಿತಾಂಶಗಳನ್ನು ಪ್ರಕಟಿಸಿದರು. ಅದೇ ವರ್ಷ ಇಂಡಿಯಂ ಮತ್ತು ಟಂಗ್‌ಸ್ಟನ್ ಆಕ್ಸೈಡುಗಳ ನ್ಯಾನೋತಂತಿಗಳಿಂದ ಸಾರಜನಕದ ಆಕ್ಸೈಡುಗಳನ್ನು ಅಳೆದರು. 2007ರಲ್ಲಿ ಅಮೋನಿಯಾ ಸಂವೇದಕಗಳ ಬಗ್ಗೆ ಬರೆದರು. ಒಂಟಿ ನ್ಯಾನೋತಂತಿಯಿಂದ ಕಾಯಿಸದೆಯೇ ಜಲಜನಕವನ್ನು ಗುರುತಿಸಬಹುದೆಂದೂ ತೋರಿಸಿದರು.

ಸಾರಜನಕದ ಆಕ್ಸೈಡುಗಳ ಕೆಲಸ ನನ್ನಂಥ ಬೇಸಾಯಶಾಸ್ತ್ರಜ್ಞನಿಗೆ ವಿಶೇಷ ಆಸಕ್ತಿಯದು. ಹೊಲಕ್ಕೆ ಹಾಕಿದ ಯೂರಿಯಾದ ಒಂದು ಭಾಗ ಮಳೆ ಬಿದ್ದು ಮಣ್ಣು ತೊಯ್ದಾಗ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇಂದು ಅದನ್ನು ಅಳೆಯಲು ಹೊಲದಲ್ಲಿ ಪೆಟ್ಟಿಗೆ ಮುಚ್ಚಿ, ಪಿಚಕಾರಿಯಿಂದ ಗಾಳಿ ಎಳೆದು, ಪ್ರಯೋಗಶಾಲೆಗೆ ಒಯ್ಯಬೇಕು. ಹೊಲದ ಬದುವಿನಲ್ಲಿಯೇ ಓದು ಕೊಡುವ ಸಂವೇದಕ ಬಂದರೆ ಯಾವ ಮಳೆಯ ಮುಂಚೆ ಗೊಬ್ಬರ ಹಾಕಬಾರದೆಂದು ರೂಪಾಯಿ ಲೆಕ್ಕದಲ್ಲಿ ಹೇಳಬಹುದು.

ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಪ್ರೊಫೆಸರ್ ನವಕಾಂತ ಭಟ್ ಅವರ ತಂಡ ಇನ್ನೊಂದು ಬದಿಯಿಂದ ಹೊರಟಿತು. ಒಂದೇ ಬಿಲ್ಲೆಯ ಮೇಲೆ ನಾಲ್ಕು ಬಗೆಯ ಆಕ್ಸೈಡುಗಳನ್ನಿಟ್ಟು ನಾಲ್ಕು ಅನಿಲಗಳನ್ನು ಒಟ್ಟಿಗೆ ಅಳೆಯುವ ಸಾಧನವನ್ನು ಈ ತಂಡ 2017ರಲ್ಲಿ ಪ್ರಕಟಿಸಿತು. 2018ರ ಇನ್ಫೋಸಿಸ್ ಪ್ರಶಸ್ತಿ ಭಟ್ ಅವರಿಗೆ ಜೈವಿಕ ಹಾಗೂ ಅನಿಲ ಸಂವೇದಕಗಳ ಕೆಲಸಕ್ಕಾಗಿ ಬಂತು. ಇಂಥ ಬಿಲ್ಲೆಗಳಲ್ಲಿ ಕಾಯಿಸುವ ಭಾಗ ತೀರ ಸಣ್ಣದಾದ್ದರಿಂದ ವಿದ್ಯುತ್ ಬಹಳ ಕಡಿಮೆ ಸಾಕಾಗುತ್ತದೆ. ಹೊಲದಲ್ಲಿ ಬ್ಯಾಟರಿಯ ಮೇಲೆ ನಡೆಸುವ ಉಪಕರಣಕ್ಕೆ ಇದು ಅವಶ್ಯ.

ಇನ್ನೂ ಬಿಡಿಸದ ಗಂಟುಗಳು

ನ್ಯಾನೋತಂತಿಗಳಿಂದ ಎಲ್ಲವೂ ಆಗಿಹೋಯಿತೆಂದು ಹೇಳಿದರೆ ತಪ್ಪಾಗುತ್ತದೆ. ಪ್ರಯೋಗಶಾಲೆಯ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುವ ಸಂವೇದಕ ಮುಂಗಾರಿನ ತೇವದಲ್ಲಿ ತಡವರಿಸುತ್ತದೆ, ಏಕೆಂದರೆ ನೀರಿನ ಆವಿಯೂ ಆ ಮೈಮೇಲೆ ಜಾಗಕ್ಕೆ ಜಗಳವಾಡುತ್ತದೆ. ಬಾವಿಯೊಳಗೆ ತೇವವೇ ತೇವ. ಒಂದು ಅನಿಲವನ್ನು ಇನ್ನೊಂದೆಂದು ತಿಳಿಯುವ ದೋಷವೂ ಇದೆ. ಇದಕ್ಕೆ ತಂತಿಯ ಮೇಲೆ ಬೇರೆ ಧಾತುವಿನ ಕಣಗಳನ್ನು ಕೂರಿಸುತ್ತಾರೆ. ತವರದ ಆಕ್ಸೈಡಿನ ಮೇಲೆ ತಾಮ್ರದ ಆಕ್ಸೈಡ್ ಇದ್ದರೆ ಹೈಡ್ರೊಜನ್ ಸಲ್ಫೈಡ್ ತಗಲಿದೊಡನೆ ಅದು ತಾಮ್ರದ ಸಲ್ಫೈಡ್ ಆಗಿ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಶುದ್ಧ ಗಾಳಿ ಸಿಕ್ಕಾಗ ಮೊದಲಿನಂತಾಗುತ್ತದೆ. ಜಾಣತನದ ಉಪಾಯ.

ರೈತರು ಅಗತ್ಯವಾಗಿ ತಿಳಿದಿರಬೇಕಾದ ಮಾತೊಂದಿದೆ. ಆಕ್ಸೈಡ್ ಸಂವೇದಕ ಕೆಲಸ ಮಾಡುವುದೇ ಗಾಳಿಯ ಆಮ್ಲಜನಕದ ಬಲದಿಂದ. ಆಮ್ಲಜನಕ ತಗ್ಗಿದ ಬಾವಿಯಲ್ಲಿ ಅದರ ತಳಮಟ್ಟವೇ ಬದಲಾಗಿ ಅಳತೆ ತಪ್ಪುತ್ತದೆ. ಇಂಗಾಲದ ಡೈ ಆಕ್ಸೈಡನ್ನು ಸಾಮಾನ್ಯ ತವರದ ಆಕ್ಸೈಡ್ ಗುರುತಿಸುವುದೂ ಕಷ್ಟ. ಆದ್ದರಿಂದ ಅಡುಗೆ ಮನೆಯ ಅನಿಲ ಪೆಟ್ಟಿಗೆಯನ್ನಾಗಲಿ, ಅಗ್ಗದ ಬಿಡಿ ಸಂವೇದಕ ತಂದು ಮನೆಯಲ್ಲಿಯೇ ಜೋಡಿಸಿದ ಸಾಧನವನ್ನಾಗಲಿ ಬಾವಿಗೆ ಇಳಿಸಿ ಅದನ್ನು ನಂಬಿ ಮನುಷ್ಯನನ್ನು ಇಳಿಸಬೇಡಿ. ನ್ಯಾನೋತಂತಿ ಬಂದ ಮೇಲೂ ಬಾವಿಯ ಮಟ್ಟಿಗೆ ಆಮ್ಲಜನಕವನ್ನು ಬೇರೆಯಾಗಿ ಅಳೆಯುವ ಭಾಗ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ನ್ಯಾನೋತಂತಿ ಮೊದಲು ಉಪಯೋಗಕ್ಕೆ ಬರಬೇಕಾದ ಸ್ಥಳ ಕಾಳಿನ ಉಗ್ರಾಣ ಮತ್ತು ಕೋಳಿ ಮನೆ. ಅಲ್ಲಿ ಆಮ್ಲಜನಕ ಸಾಕಷ್ಟಿರುತ್ತದೆ, ಅಳೆಯಬೇಕಾದ ಅನಿಲ ಅತ್ಯಲ್ಪವಿರುತ್ತದೆ.

ಉಗ್ರಾಣದಲ್ಲಿ ಅದರ ಪ್ರಯೋಜನ ಎರಡು ಬಗೆ. ಹೊದಿಕೆಯ ಹೊರಗೆ ಫಾಸ್ಫೀನ್ ಸೋರುತ್ತಿಲ್ಲವೆಂದು ತಿಳಿಯುವುದು ಒಂದು. ಹೊದಿಕೆಯ ಒಳಗೆ ಬೇಕಾದಷ್ಟು ಅನಿಲ ಬೇಕಾದಷ್ಟು ದಿನ ನಿಂತಿದೆಯೇ ಎಂದು ತಿಳಿಯುವುದು ಇನ್ನೊಂದು. ಹರಿದ ತಾಡಪತ್ರಿಯ ಕೆಳಗೆ ಗುಳಿಗೆ ಇಟ್ಟರೆ ದೊಡ್ಡ ಹುಳುಗಳು ಸಾಯುತ್ತವೆ, ಮೊಟ್ಟೆಗಳು ಉಳಿಯುತ್ತವೆ. ಮತ್ತೆ ಮತ್ತೆ ಹೀಗಾದರೆ ಔಷಧಿಗೆ ಬಗ್ಗದ ಹುಳುಗಳ ಸಂತತಿ ಬೆಳೆಯುತ್ತದೆ.

ಈ ಬೇಸಿಗೆಗೆ ಮಾಡಬೇಕಾದದ್ದು

ನ್ಯಾನೋತಂತಿಯ ಉಪಕರಣ ಬರುವವರೆಗೆ ಬಾವಿ ಕಾಯುವುದಿಲ್ಲ. ಇಂದು ಮಾರುಕಟ್ಟೆಯಲ್ಲಿ ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೊಜನ್ ಸಲ್ಫೈಡ್ ಎಂಬ ನಾಲ್ಕನ್ನೂ ತೋರಿಸುವ ಕೈ ಉಪಕರಣಗಳು ಸಿಗುತ್ತವೆ. ಒಬ್ಬ ರೈತ ಕೊಳ್ಳುವ ಬದಲು ಸಹಕಾರ ಸಂಘ ಅಥವಾ ರೈತ ಉತ್ಪಾದಕರ ಕಂಪನಿ ಒಂದನ್ನು ಕೊಂಡು ಬಾಡಿಗೆಗೆ ಕೊಡುವುದು ಲೇಸು. ಮೊದಲು ಬಯಲಿನಲ್ಲಿ ಉಪಕರಣ ಹಚ್ಚಿ ಆಮ್ಲಜನಕ 20.9 ತೋರಿಸುತ್ತದೆಯೇ ನೋಡಬೇಕು. ನಂತರ ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ಎರಡು ಮೂರು ನಿಮಿಷ ನಿಲ್ಲಿಸಿ ಓದಬೇಕು. ಆಮ್ಲಜನಕ 19.5ಕ್ಕಿಂತ ಕಡಿಮೆಯಿದ್ದರೆ, ಹೈಡ್ರೊಜನ್ ಸಲ್ಫೈಡ್ 10 ಪಿಪಿಎಂಗೆ ಮುಟ್ಟಿದರೆ ಅಥವಾ ಉಪಕರಣ ಯಾವ ಕಾರಣಕ್ಕೇ ಕೂಗಿದರೂ ಇಳಿಯಬಾರದು. ಬೇವಿನ ಟೊಂಗೆ ಕಟ್ಟಿ ಏರಿಳಿಸುವ ಪದ್ಧತಿ ಸ್ವಲ್ಪ ಗಾಳಿ ಕದಡುತ್ತದೆ ಅಷ್ಟೆ. ಗಾಳಿ ಊದುವ ಯಂತ್ರಕ್ಕೆ ಕೊಳವೆ ಜೋಡಿಸಿ ಅದರ ತುದಿ ತಳಕ್ಕೆ ಮುಟ್ಟುವಂತೆ ಬಿಟ್ಟು ಊದಬೇಕು, ಮತ್ತೆ ಅಳೆಯಬೇಕು. ಕೆಲಸ ನಡೆಯುವಷ್ಟು ಹೊತ್ತೂ ಊದುವುದು ನಿಲ್ಲಬಾರದು, ಉಪಕರಣ ಇಳಿದವನ ಎದೆಯ ಮೇಲೆಯೇ ಇರಬೇಕು. ಹೂಳು ಕೆದಕಿದಾಗಲೇ ಅನಿಲ ಏಳುವುದು.

ಇಳಿದವನ ಮೈಗೆ ಹಗ್ಗ ಕಟ್ಟಿರಲಿ, ಮೇಲೆ ಇಬ್ಬರಾದರೂ ಇರಲಿ. ಅವನು ಬಿದ್ದರೆ ಹಗ್ಗದಿಂದ ಎಳೆಯಬೇಕೇ ಹೊರತು ಮತ್ತೊಬ್ಬ ಇಳಿಯಕೂಡದು. ಅಮೆರಿಕದಲ್ಲಿ ಪರಿಶೀಲಿಸಿದ ಇಂಥ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವರು ಬಿದ್ದವರನ್ನು ಎತ್ತಲು ಇಳಿದವರಾಗಿದ್ದರು. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಮಗ ಇಳಿದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿಯೂ ಓದುತ್ತೇವೆ. 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಬೇಕು.

ಅಲ್ಯೂಮಿನಿಯಂ ಫಾಸ್ಫೈಡಿನ ಮಾರಾಟ ಮತ್ತು ಬಳಕೆಗೆ ಸರ್ಕಾರದ ನಿರ್ಬಂಧವಿದೆ. ಪರವಾನಗಿ ಪಡೆದ ಪರಿಣತರ ಮೂಲಕವೇ ಅದನ್ನು ಮಾಡಿಸಬೇಕು. ಜನ ಅಥವಾ ದನ ಮಲಗುವ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ, ಗೋಡೆ ಒಂದೇ ಆಗಿದ್ದರೂ, ಗುಳಿಗೆ ಇಡಬಾರದು. ಮನೆ ಬಳಕೆಯ ಒಂದೆರಡು ಚೀಲ ಕಾಳಿಗೆ ಗುಳಿಗೆಯೇ ಬೇಡ. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಗಾಳಿಯಾಡದ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಹಗೇವಿನಲ್ಲಿ ಆಗುತ್ತಿದ್ದುದೇ ಅಲ್ಲಿಯೂ ಆಗುತ್ತದೆ, ಆಮ್ಲಜನಕವಿಲ್ಲದೆ ಹುಳು ಸಾಯುತ್ತದೆ.

ಬಾಡಿಗೆಗೆ ಉಪಕರಣ ತಂದಾಗ ಅದರ ಬೆನ್ನಿಗೆ ಅಂಟಿಸಿದ ಚೀಟಿಯನ್ನು ಓದಿ. ಅದನ್ನು ಗೊತ್ತಿರುವ ಅನಿಲದಿಂದ ಕೊನೆಯ ಸಲ ಸರಿನೋಡಿದ ದಿನಾಂಕ ಅಲ್ಲಿರುತ್ತದೆ. ಆರು ತಿಂಗಳು ದಾಟಿದ್ದರೆ ಅಥವಾ ಚೀಟಿಯೇ ಇಲ್ಲದಿದ್ದರೆ ಹಿಂದಿರುಗಿಸಿ ಬೇರೆಯದನ್ನು ಕೇಳಿ. ಆಮ್ಲಜನಕ ಅಳೆಯುವ ಕೋಶ ಸಾಮಾನ್ಯವಾಗಿ ಎರಡು ವರ್ಷಕ್ಕೆ ಸವೆಯುತ್ತದೆ. ಅದನ್ನು ಎಂದು ಬದಲಾಯಿಸಿದ್ದಾರೆಂದೂ ವಿಚಾರಿಸಿ.